ಬಾಗಿಲು ಹಾಕಿ ಬಡಿದ ರೊಟ್ಟಿ

ಶೈಲಾ, ಮುತ್ತಣ್ಣ,

ನೀವಿಬ್ಬರೂ ಮೊನ್ನೆ ವಿಜಾಪುರಕ್ಕೆ ಹೋಗಿ ಬಂದು ನನ್ನ ಮುಂದೆ ಖಡಕ್ ರೊಟ್ಟಿಯ ಪಾಕೀಟು ಇಟ್ಟಿರಲ್ಲ, ಅದನ್ನು ನಾನಿನ್ನೂ ಒಡೆದಿಲ್ಲ. ಕಿಟಕಿಯ ಹತ್ತಿರ ಇಟ್ಟುಕೊಂಡು ನೋಡುತ್ತ ಕೂತಿದ್ದೇನೆ. ಎಲ್ಲ ರೊಟ್ಟಿಯೂ ಒಂದೇ ಅಚ್ಚು, ಒಂದೇ ದುಂಡು. ಒಂದರ ಮೇಲೂ ಯಾರ ಬೆರಳಿನ ಗುರುತೂ ಇಲ್ಲ. ಇದನ್ನು ಬಡಿದವರು ಯಾರು ಎಂದು ಕೇಳಿದರೆ ಮುತ್ತಣ್ಣ, "ಮಷೀನು, ಆಯಿ" ಅಂದ. ಮಷೀನಿಗೆ ಅತ್ತೆ ಇರುವುದಿಲ್ಲ, ಪುಣ್ಯವಂತ ಮಷೀನು.

"ಆಯಿ, ನೀನೂ ಗೋಳಗುಮ್ಮಟ ಹತ್ತೀದಿಯಂತಲ್ಲ, ಗ್ವಾಡಿಗೆ ಏನ ಹೇಳಿದ್ದಿ?" ಎಂದು ಶೈಲಾ ಕೇಳಿದಳು. ನಾನು "ಹಾಲು ಉಕ್ಕೀತು" ಎಂದು ಅಡುಗೆಮನೆಗೆ ಎದ್ದುಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಮುತ್ತಣ್ಣ ಅದನ್ನು ನೋಡಿಯೂ ಸುಮ್ಮನಾದ, ಒಳ್ಳೆಯ ಹುಡುಗ.

ನನ್ನ ಸ್ವಭಾವ ನಿಮಗೆ ಗೊತ್ತು. ನಾಲ್ಕು ಜನ ಕೂತಲ್ಲಿ ನನ್ನ ಬಾಯಿಗೆ ಬೀಗ ಬೀಳುತ್ತದೆ. ಇದು ಮುಪ್ಪಿನಲ್ಲಿ ಬಂದದ್ದಲ್ಲ. ಮುಂಡಗೋಡದ ಹತ್ತಿರದ ನಮ್ಮ ಇಂದೂರಿನ ಕನ್ನಡ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದೆನಲ್ಲ, ಅಲ್ಲಿ ಎದ್ದು ನಿಂತು ಮಗ್ಗಿ ಹೇಳು ಅಂದರೆ ಜಡೆಯ ತುದಿ ಬಾಯಿಗೆ ಹೋಗುತ್ತಿತ್ತು, ಮಗ್ಗಿ ಹೊರಗೆ ಬರುತ್ತಿರಲಿಲ್ಲ. ಹುಡುಗರು ನಗುತ್ತಿದ್ದರು. ಕಡೆಗೆ ನಮ್ಮ ಮಾಸ್ತರರೇ ಒಂದು ಉಪಾಯ ಮಾಡಿದರು. "ನೀಲವ್ವ, ಗೋಡಿ ಕಡೆ ಮಾರಿ ಮಾಡು. ಗೋಡಿ ನಗಂಗಿಲ್ಲ, ಅದಕ್ಕ ಹೇಳು" ಅಂದರು. ನಾನು ಗೋಡೆಗೆ ಹದಿನೆಂಟರ ಮಗ್ಗಿಯವರೆಗೂ ತಪ್ಪದೆ ಹೇಳಿದೆ. ಇನ್ಸಪೆಕ್ಟರರು ಬಂದಾಗಲೂ ಅವರಿಗೆ ಬೆನ್ನು ತೋರಿಸಿಯೇ ಹೇಳಿದೆ. ಪಾಸಾದೆ.

ಈಗಲೂ ಹಾಗೆಯೇ ಮಾಡುತ್ತಿದ್ದೇನೆ. ನಿಮ್ಮ ಮುಖ ನೋಡಿ ಹೇಳಲಾರದ್ದನ್ನು ಕಾಗದಕ್ಕೆ ಹೇಳುತ್ತಿದ್ದೇನೆ. ನಿಮ್ಮ ಅಜ್ಜನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅದು ನಿಮಗೆ ಗೊತ್ತೇ ಇದೆ, ನನ್ನಿಂದ ಬರೆಸಿ ಏನು ಮಾಡುತ್ತೀರಿ?

ನನ್ನ ಲಗ್ನವಾದಾಗ ನಿಮ್ಮ ಅಜ್ಜ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಎರಡು ವರ್ಷದಿಂದ ಕೆಲಸಕ್ಕಿದ್ದರು. ಊರು ನವಲಗುಂದದ ಕಡೆ, ಎರೆಹೊಲ, ಜೋಳದ ಸೀಮೆ. ಅಲ್ಲಿಂದ ಬಂದು ದಾಂಡೇಲಿಯಲ್ಲಿ ಇನ್ನಿಬ್ಬರ ಜೊತೆ ಒಂದು ಖೋಲಿ ಹಿಡಿದುಕೊಂಡಿದ್ದರು. ಲಗ್ನದ ಮರುವರ್ಷ ಅವರಿಗೆ ಕಾರ್ಖಾನೆಯ ಎರಡು ಕೋಣೆಯ ಮನೆ ಸಿಕ್ಕಿತು. ಅಲ್ಲಿಯ ತನಕ ನಾನು ಊರಲ್ಲಿ ಅತ್ತೆ ಮಾವನ ಜೊತೆ ಇದ್ದೆ. ಗಂಡನ ಮುಖ ಕಂಡದ್ದು ಹಬ್ಬಕ್ಕೊಮ್ಮೆ, ಅದೂ ಸೆರಗಿನ ಸಂದಿನಿಂದ. ಮನೆ ಸಿಕ್ಕಿತು ಎಂದು ಕಾಗದ ಬಂದ ದಿನ ನಾನು ದನದ ಕೊಟ್ಟಿಗೆಯಲ್ಲಿ ಒಬ್ಬಳೇ ನಕ್ಕೆ. ಅಷ್ಟು ಧೈರ್ಯ ಇತ್ತು.

ಅತ್ತೆಯವರು ನನ್ನ ಜೊತೆಗೇ ದಾಂಡೇಲಿಗೆ ಬಂದರು. ಮನೆ ಹೂಡಿಕೊಟ್ಟು, ನೋಡಿಕೊಂಡು ಹೋಗಲಿಕ್ಕೆ. ನೋಡಿಕೊಂಡು ಹೋಗುವುದು ಅಂದರೆ ನನ್ನನ್ನು ನೋಡುವುದು, ನನ್ನನ್ನು ಅಂದರೆ ನನ್ನ ರೊಟ್ಟಿಯನ್ನು. ನಾನು ಮುಂಡಗೋಡದ ಕಡೆಯ ಅನ್ನದ ಹುಡುಗಿ. ಅಕ್ಕಿರೊಟ್ಟಿ ಮಾಡುತ್ತಿದ್ದೆ, ಆದರೆ ಅತ್ತೆಯವರ ಪ್ರಕಾರ ಅಕ್ಕಿರೊಟ್ಟಿ ದೋಸೆಯ ತಂಗಿ, ರೊಟ್ಟಿಯ ಮನೆತನಕ್ಕೆ ಸೇರಿದ್ದಲ್ಲ. ಜೋಳದ ಹಿಟ್ಟು ನನ್ನ ಕೈಗೆ ಬಂದರೆ ಅದಕ್ಕೂ ಪರಕೀಯ ಎನಿಸುತ್ತಿತ್ತೋ ಏನೋ, ಅಂಚೆಲ್ಲ ಬಿರಿದು ಸಾಲೆಯ ಗೋಡೆಯ ಮೇಲಿನ ನಕಾಶೆಯಂತೆ ಆಗುತ್ತಿತ್ತು. ಒಂದು ದಿನ ಅತ್ತೆ ಅದನ್ನು ಎತ್ತಿ ಹಿಡಿದು, "ಇದರಾಗ ನಮ್ಮೂರ ಎಲ್ಲೈತಿ ತೋರಸವ್ವ" ಅಂದರು.

ಕೆಟ್ಟ ರೊಟ್ಟಿಯನ್ನು ಹಾಲು ಹಾಕುವ ಗೌಳಿ ಹೆಂಗಸು ಎಮ್ಮೆಗೆಂದು ಒಯ್ಯುತ್ತಿದ್ದಳು. ಹೊಳೆ ದಾಟಿ ಕೋಗಿಲಬನದ ಕಡೆಯಿಂದ ಬರುವವಳು. ಹದಿನೈದು ದಿನಗಳಲ್ಲಿ ಆ ಎಮ್ಮೆಗೆ ಎಷ್ಟು ರೂಢಿಯಾಯಿತೆಂದರೆ, ಒಂದು ಮುಂಜಾನೆ ಆಕೆ ಬುಟ್ಟಿ ನೋಡಿ, "ಬಾಯಾರ, ಇವತ್ತ ಭಾಕ್ರಿ ಕಡಿಮಿ ಅದಾವಲ್ಲ?" ಎಂದು ಅತ್ತೆಯ ಎದುರಿಗೇ ಕೇಳಿದಳು. ಅತ್ತೆ ಹೇಳಿದರು, "ಹಾಲು ಗಟ್ಟಿ ಆಗಲಿಕ್ಕೆ ಹತ್ತ್ಯಾವು. ನನ್ನ ಮಗಾ ಅಷ್ಟ ತೆಳ್ಳಗ ಆಗ್ಲಿಕ್ಕೆ ಹತ್ಯಾನ."

ಅದೇ ದಿನ ಸಂಜೆ ಅವರು ತಮ್ಮ ತೀರ್ಮಾನ ಹೇಳಿದರು. ಕಾರ್ಖಾನೆಯ ಭೋಂಗಾ ಕೂಗಿ ನಿಮ್ಮ ಅಜ್ಜ ಪಾಳಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು. ಮೈಗೆಲ್ಲ ಆ ಬೇಯಿಸಿದ ಬಿದಿರಿನ ವಾಸನೆ. "ತಮ್ಮಾ, ರೊಟ್ಟಿ ಬರದಾಕಿನ್ನ ನಿನ್ನ ಕೂಡ ಇಟ್ಟು ನಾ ಹೆಂಗ ಹೋಗ್ಲಿ? ನೀ ಮೊದಲಿನಂಗ ಖಾನಾವಳ್ಯಾಗ ಉಣ್ಣು. ಇಕಿ ನನ್ನ ಕೂಡ ಊರಿಗೆ ಬರ್ಲಿ, ಒಂದ ವರ್ಷ ಬಿಟ್ಟು ನೋಡೂಣು."

ನಿಮ್ಮ ಅಜ್ಜ ಕಾಲು ತೊಳೆಯುವುದನ್ನು ನಿಲ್ಲಿಸಲಿಲ್ಲ. ಮೂರು ತಂಬಿಗೆ ನೀರು ಸುರಿದುಕೊಂಡರು. ಆಮೇಲೆ, "ಯವ್ವಾ, ಚಿಗವ್ವ ಕಲಿಸಿದ್ರ?" ಅಂದರು.

ಚಿಗವ್ವ ಎಂದರೆ ಅತ್ತೆಯವರ ತಂಗಿ ಗೌರವ್ವ. ವಿಜಾಪುರದಲ್ಲಿ ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದರು. ಅತ್ತೆಯ ಮುಖ ಸಡಿಲಾಯಿತು. ತಂಗಿಯನ್ನು ಕಂಡು ವರ್ಷಗಳಾಗಿದ್ದವು, ಗೋಳಗುಮ್ಮಟವನ್ನಂತೂ ಕಂಡೇ ಇರಲಿಲ್ಲ. "ಗೌರಿ ಕೈಯಾಗ ಕಲೀಲಿಲ್ಲಂದ್ರ ಇನ್ನ್ಯಾರ ಕೈಯಾಗೂ ಕಲ್ಯಾಂಗಿಲ್ಲ. ಹೋಗೂಣು. ಆದ್ರ ರೊಟ್ಟಿ ಬರಲಿಲ್ಲಂದ್ರ, ಹೊಳ್ಳಿ ಬರೂಮುಂದ ಅಣ್ಣಿಗೇರಿ ಠೇಶನ್ನಿನಾಗ ನನ್ನ ಕೂಡ ಇಳೀತಾಳ. ಅಲ್ಲಿಂದ ನಮ್ಮೂರ ಹತ್ರ."

ನಿಮ್ಮ ಅಜ್ಜನೂ ರಜೆ ಹಾಕಿ ಜೊತೆಗೆ ಹೊರಟರು. ಹೀಗೆ ನನ್ನ ಪ್ರವಾಸ ನಿಕ್ಕಿಯಾಯಿತು. ನೀವು ಪ್ರವಾಸಕ್ಕೆ ಹೋಗುವಾಗ ಕ್ಯಾಮರಾ ಒಯ್ಯುತ್ತೀರಿ. ನಾನು ಅಣ್ಣಿಗೇರಿಯನ್ನು ಎದೆಯಲ್ಲಿ ಒಯ್ದೆ.

ದಾಂಡೇಲಿಯಿಂದ ಅಳ್ನಾವರದ ಗಾಡಿ, ಅಲ್ಲಿಂದ ಹುಬ್ಬಳ್ಳಿ, ಗದಗ, ಆಮೇಲೆ ಮುಗಿಯದ ಬಯಲು. ನಮ್ಮ ಅಡವಿಯಲ್ಲಿ ಹುಟ್ಟಿದವಳಿಗೆ ಅಷ್ಟು ಆಕಾಶ ಒಮ್ಮೆಲೇ ಕಂಡರೆ ಮುಜುಗರವಾಗುತ್ತದೆ. ಯಾರೋ ಹೊದಿಕೆ ಎಳೆದ ಹಾಗೆ. ಅತ್ತೆ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಎದುರಿಗೆ ಪರ ಗಂಡಸರು ಕೂತಿದ್ದರು, ನಾನು ಕಿಟಕಿಯ ಕಡೆ ತಿರುಗಿ ಉಂಡೆ. ಗಾಳಿಗೆ ಚಟ್ನಿಪುಡಿ ಹಾರಿ ಹಿಂದಿನವರ ಕಣ್ಣಿಗೆ ಹೋಯಿತು. ಅವರು ಕಣ್ಣು ಉಜ್ಜಿಕೊಳ್ಳುತ್ತ, "ಯಾರ ಮನಿ ಚಟ್ನಿರೀ, ಖಾರ ಚಲೋ ಹಿಡದೈತಿ" ಅಂದರು. ಅತ್ತೆ ಹಿಗ್ಗಿ ಅವರಿಗೂ ಎರಡು ರೊಟ್ಟಿ ಕೊಟ್ಟರು. ನಮ್ಮ ಕಡೆಯ ಜನ ಹೀಗೆ. ಕಣ್ಣು ಉರಿದರೂ ರುಚಿಗೆ ಮೋಸ ಮಾಡುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ವಿಜಾಪುರ ಮುಟ್ಟಿದೆವು. ಗೌರವ್ವ ಚಿಗವ್ವನ ಅಡುಗೆಮನೆ ನೋಡಿದ ಮೇಲೆ ನನಗೆ ಬೇರೆ ಯಾವ ಅರಮನೆಯೂ ದೊಡ್ಡದೆನಿಸಲಿಲ್ಲ. ಎಣ್ಣೆಗಾಯಿ ಬದನೆ, ಜುಣಕ, ಅಗಸಿ ಹಿಂಡಿ, ಗುರೆಳ್ಳು ಚಟ್ನಿ, ಚಮಚ ನಿಲ್ಲುವಂಥ ಮೊಸರು. ಶೇಂಗಾ ಹೋಳಿಗೆಯನ್ನು ಮುರಿದರೆ ಎಣ್ಣೆ ಬೆರಳಿಗೆ ಹತ್ತುತ್ತಿತ್ತು. ಅತ್ತೆ, ಚಿಗವ್ವ ಇಬ್ಬರೂ ಎಷ್ಟು ಬಡಿಸಿದರೆಂದರೆ, ನಾಚಿಕೆಯಿಂದ ಬೇಡ ಎನ್ನಲೂ ಬಾಯಿ ಬರದೆ ನಾನು ಆರು ಹೋಳಿಗೆ ತಿಂದೆ. ನಾಚಿಕೆಯಿಂದ ನನಗೆ ಆದ ಲಾಭ ಅದೊಂದೇ.

ಮರುದಿನ ಮುಂಜಾನೆ ಪಾಠ. ಚಿಗವ್ವ ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ನಾದಿ, ಉಂಡೆ ಮಾಡಿ, ಪರಾತದಲ್ಲಿ ಇಟ್ಟು ಎರಡೂ ಅಂಗೈಯಿಂದ ಬಡಿದರೆ ಓಣಿಗೆಲ್ಲ ಕೇಳುತ್ತಿತ್ತು. ಚಪ್ ಚಪ್ ಚಪ್. ಆ ಸಪ್ಪಳ ಕೇಳಿಯೇ ಊಟದವರು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ನಾನು ಬಡಿದರೆ ಸಪ್ಪಳವೇ ಇಲ್ಲ. ಹೊರಗೆ ಗಂಡಸರು ಕೂತಿದ್ದಾರೆ, ನಾನು ಇಲ್ಲಿ ಕೈ ಸಪ್ಪಳ ಮಾಡುವುದು ಹೇಗೆ ಎಂದು ನನಗೆ ಸಂಕೋಚ.

ಚಿಗವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದರು. "ಇದೇನವ್ವಾ, ಹಿಟ್ಟಿಗೆ ಒಪ್ಪಿಗಿ ಕೇಳಾಕ ಹತ್ತೀಯೇನು? ಬಡಿ. ಅದು ನಿಮ್ಮ ಮಾವ ಅಲ್ಲ."

ನಾನು ಮತ್ತಷ್ಟು ಮೆಲ್ಲಗೆ ಬಡಿದೆ. ಅಂಚು ಬಿರಿಯಿತು.

ಮಧ್ಯಾಹ್ನ ಊರು ನೋಡಲು ಹೋದೆವು. ಮಲಿಕ್ ಮೈದಾನ ತೋಪಿನ ಮುಂದೆ ಒಬ್ಬರು, ಎಂಥ ಬಿಸಿಲಿದ್ದರೂ ಈ ತೋಪು ತಣ್ಣಗೇ ಇರುತ್ತದೆ ಎಂದು ಹೇಳಿದರು. ಅತ್ತೆ ಮುಟ್ಟಿ ನೋಡಿ, "ಹಂಗಾದ್ರ ಹಂಚಿಗೆ ಬರಂಗಿಲ್ಲ" ಎಂದು ಮುಂದೆ ನಡೆದರು. ಬಾದಶಹರ ಮಸೀದಿ, ಗೋರಿ, ಬಾವಿ ಎಲ್ಲವನ್ನೂ ಅವರು ಹೀಗೆಯೇ ಅಡುಗೆಮನೆಯ ಕಣ್ಣಿನಿಂದ ನೋಡಿದರು. ನನಗೆ ಏನೂ ಕಾಣಲಿಲ್ಲ. ಎಲ್ಲ ಕಮಾನಿನ ಕೆಳಗೂ ನನಗೆ ಅಣ್ಣಿಗೇರಿ ಠೇಶನ್ನೇ ಕಂಡಿತು.

ಎರಡನೆಯ ದಿನ ಸಂಜೆ ಚಿಗವ್ವ ಸತ್ಯ ಹೇಳಿದರು. ಸುಳ್ಳು ಹೇಳುವ ಜಾಯಮಾನ ಅವರದಲ್ಲ. "ಅಕ್ಕಾ, ಹುಡುಗಿ ಬಂಗಾರದಂಥಾಕಿ. ಆದ್ರ ಕೈ ಕೂಡಂಗಿಲ್ಲ. ವರ್ಷ ಬೇಕು."

"ಆತು. ವರ್ಷ ನಮ್ಮೂರಾಗ ಇರ್ತಾಳ" ಅಂದರು ಅತ್ತೆ. ಸಿಟ್ಟಿನಿಂದಲ್ಲ. ಅವರಿಗೆ ಮಗನ ಹೊಟ್ಟೆಯ ಚಿಂತೆ, ಅಷ್ಟೇ.

ಮೂರನೆಯ ದಿನ ಮುಂಜಾನೆ ಗೋಳಗುಮ್ಮಟ. ಮಧ್ಯಾಹ್ನದ ಊಟ ಮುಗಿಸಿ ಗಾಡಿ ಹತ್ತಬೇಕಿತ್ತು. ಕೆಳಗೆ ನಿಂತು ಮೆಟ್ಟಿಲು ನೋಡಿದ ಅತ್ತೆ, "ನನ್ನ ಮೊಣಕಾಲು ಕೇಳಂಗಿಲ್ಲ, ನೀವು ಹೋಗಿಬರ್ರಿ" ಎಂದು ಫಳಾರದ ಗಂಟು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನಿಮ್ಮ ಅಜ್ಜ, ನಾನು ಇಬ್ಬರೇ ಹತ್ತಿದೆವು. ಹಗಲು ಹೊತ್ತಿನಲ್ಲಿ ಅವರೊಬ್ಬರ ಜೊತೆ ನಾನು ನಡೆದದ್ದು ಅದೇ ಮೊದಲು. ಆದರೂ ಹತ್ತು ಮೆಟ್ಟಿಲು ಹಿಂದೆಯೇ ಇದ್ದೆ. ಅವರು ನಿಂತರೆ ನಾನೂ ನಿಲ್ಲುತ್ತಿದ್ದೆ.

ಮೇಲೆ, ಗುಮ್ಮಟದ ಒಳಗೆ ಸುತ್ತಲೂ ಓಡಾಡುವ ಸಜ್ಜೆ ಇದೆಯಲ್ಲ, ಅಲ್ಲಿ ಮುದಿ ಕಾವಲುಗಾರ ಸಾಹೇಬರೊಬ್ಬರು ಇದ್ದರು. ಒಂದು ಕಾಗದ ಹರಿದು ತೋರಿಸಿದರು. ಆ ಬದಿಯಲ್ಲಿ ಹರಿದದ್ದು ನಮ್ಮ ಕಿವಿಯ ಹತ್ತಿರವೇ ಹರಿದಂತಾಯಿತು. "ಇಲ್ಲಿ ಗೋಡಿಗೆ ಬಾಯಿ ಹಚ್ಚಿ ಹೇಳ್ರಿ, ಅಲ್ಲಿ ಗೋಡಿಗೆ ಕಿವಿ ಹಚ್ಚಿ ಕೇಳ್ರಿ" ಎಂದು ಹೇಳಿ ಅವರು ಬೀಡಿ ಸೇದಲು ಹೊರಗೆ ಹೋದರು. ನಿಮ್ಮ ಅಜ್ಜ ನನ್ನನ್ನು ಒಂದು ಕಡೆ ನಿಲ್ಲಿಸಿ ತಾವು ಎದುರು ಬದಿಗೆ ಹೋದರು. ಅಷ್ಟು ದೂರದಿಂದ ಅವರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಕೈ ಮಾಡಿ, ಕರೆ ಎಂದು ಸನ್ನೆ ಮಾಡಿದರು.

ನಾನು ಗೋಡೆಗೆ ಬಾಯಿ ಹಚ್ಚುವುದನ್ನು ಮರೆತು, ಮನೆಯಲ್ಲಿ ಕರೆದ ಹಾಗೆ "ಏನ್ರಿ" ಅಂದೆ.

ಏನ್ರಿ, ಏನ್ರಿ, ಏನ್ರಿ ಎಂದು ಗುಮ್ಮಟ ಏಳೆಂಟು ಸಲ ಕರೆಯಿತು. ಲಗ್ನವಾದಾಗಿನಿಂದ ನಾನು ಅವರನ್ನು ಅಷ್ಟು ಸಲ ಕರೆದಿರಲಿಲ್ಲ. ಆ ಬದಿಯಲ್ಲಿ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆಮೇಲೆ ಗೋಡೆಗೆ ಮುಖ ಮಾಡಿದೆ. ಗೋಡೆಗೆ ಮಾತಾಡುವುದು ನನಗೆ ಬರುತ್ತಿತ್ತಲ್ಲ. ಒಂದು ವಿಚಾರ ಹೊಳೆಯಿತು. ಹಿರಿಯರ ಮುಂದೆ ಗಂಡನ ಜೊತೆ ಮಾತಾಡಬಾರದು. ಆದರೆ ಇಲ್ಲಿ ಹಿರಿಯರು ಕೆಳಗೆ, ಗಂಡ ಅಷ್ಟು ದೂರ, ನನ್ನ ಮುಖ ಗೋಡೆಗೆ. ಇದನ್ನು ಮಾತಾಡುವುದು ಎಂದು ಯಾರಾದರೂ ಅಂದಾರೆಯೇ? ಇಡೀ ದೇಶದಲ್ಲಿ ಗುಟ್ಟು ಹೇಳಲು ನಾನು ಆರಿಸಿಕೊಂಡ ಜಾಗ ನೋಡಿರಿ.

"ನಾ ಅಣ್ಣಿಗೇರ್ಯಾಗ ಇಳಿಯಂಗಿಲ್ಲ" ಎಂದು ಪಿಸುಗುಟ್ಟಿದೆ.

ಗೋಡೆ ಹೇಳಿತು, "ಇಳೀಬ್ಯಾಡ."

"ನನಗ ರೊಟ್ಟಿ ಬರಂಗಿಲ್ಲಲ್ರಿ."

ಗೋಡೆ ಒಮ್ಮೆ ಕೆಮ್ಮಿತು. ಆಮೇಲೆ, "ನನಗ ಬರ್ತಾವು" ಅಂದಿತು.

"ಏನು?"

"ರೊಟ್ಟಿ. ಮೂರ ವರ್ಷ ಖೋಲ್ಯಾಗ ನಾನ ಬಡೀತಿದ್ನಿ, ಮೂರೂ ಮಂದಿಗೆ. ಖಾನಾವಳಿ ಅಂತ ಅವ್ವಗ ಬರೆದದ್ದೆಲ್ಲಾ ಸುಳ್ಳ. ನೀ ಅನ್ನಾ ಸಾರು ಮಾಡು, ನಾ ರೊಟ್ಟಿ ಬಡೀತೇನಿ. ಅವ್ವಗ ಮಾತ್ರ ಗೊತ್ತಾಗಬಾರದು. ಗೊತ್ತಾದ್ರ ನನ್ನ ಮರ್ಯಾದಿ ಉಳಿಯಂಗಿಲ್ಲ."

ಆಗ ಗೋಡೆಯಿಂದ ಮೂರನೆಯ ಧ್ವನಿ ಬಂದಿತು. "ಹೊತ್ತಿಗೆ ಎಷ್ಟ ಬಡೀತಿದ್ದ್ಯೋ ತಮ್ಮಾ?"

ನನಗೆ ಮೊದಲು ಕೆಳಗೆ ಮಲಗಿದ ಬಾದಶಹನೇ ಎದ್ದನೆಂದು ಅನಿಸಿತು. ಬಾದಶಹನಿಗೆ ಕನ್ನಡ ಯಾಕೆ, ರೊಟ್ಟಿಯ ಲೆಕ್ಕ ಯಾಕೆ ಎಂದು ಹೊಳೆಯುವಷ್ಟರಲ್ಲಿ ನಿಮ್ಮ ಅಜ್ಜ ಗಾಬರಿಯಿಂದ ಗಟ್ಟಿಯಾಗಿ "ಎಂಟು" ಅಂದುಬಿಟ್ಟರು. ಎಂಟು, ಎಂಟು, ಎಂಟು ಎಂದು ಗುಮ್ಮಟವೆಲ್ಲ ಎಣಿಸಿತು.

ಬಾಗಿಲ ಹತ್ತಿರ ಅತ್ತೆ ಕೂತಿದ್ದರು. ಮೊಣಕಾಲು ಕೇಳುವುದಿಲ್ಲ ಅಂದವರು ಅಷ್ಟೂ ಮೆಟ್ಟಿಲು ಹತ್ತಿ ಬಂದು, ದಣಿವಾರಿಸಿಕೊಳ್ಳಲು ಗೋಡೆಗೆ ತಲೆ ಆನಿಸಿದ್ದರು. ಕಿವಿ ಗೋಡೆಗೇ ಇತ್ತು, ಗಂಟು ತೊಡೆಯ ಮೇಲಿತ್ತು.

ಅತ್ತೆಯನ್ನು ಮುಂದೆ ಬಿಟ್ಟುಕೊಂಡು ಇಳಿದೆವು. ಕೆಳಗೆ ಕಮಾನಿನ ನೆರಳಲ್ಲಿ ಕೂತ ಮೇಲೆ ಅತ್ತೆ, "ಕೈ ತಾ" ಅಂದರು. ನಿಮ್ಮ ಅಜ್ಜ ಕೈ ಚಾಚಿದರು. ಅತ್ತೆ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಉಬ್ಬತಾವೇನು?"

"ಉಬ್ಬತಾವು."

"ಯಾರ ಕಲಿಸಿದ್ರು?"

"ನೀನ. ಸಣ್ಣಾಂವಿದ್ದಾಗ ಒಲಿ ಮುಂದ ಕುಂತ ನೋಡ್ತಿದ್ನಲ್ಲಾ."

ಅತ್ತೆ ಆ ಕೈಯನ್ನು ಬಿಡಲೇ ಇಲ್ಲ. "ನೀ ಹಸಿದು ಕುಂತೀದಿ ಅಂತ ತಿಳಕೊಂಡಿದ್ನಿ ನಾ" ಅಂದರು. ಆಮೇಲೆ ಕೈ ಬಿಟ್ಟು, ದನಿ ತಗ್ಗಿಸಿ, "ನಿಮ್ಮಪ್ಪಗ ಗೊತ್ತಾದ್ರ ಏನ ಅಂದಾನು? ಮಂದಿ ಏನ ಅಂದಾರು?" ಎಂದರು. ನನ್ನ ಕಡೆ ನೋಡಲಿಲ್ಲ. ಅಣ್ಣಿಗೇರಿ ಇನ್ನೂ ತಪ್ಪಿರಲಿಲ್ಲ.

ಚಿಗವ್ವನ ಮನೆಗೆ ಬಂದಾಗ ಊಟದವರು ಸಾಲಾಗಿ ಕೂತಿದ್ದರು. ಅತ್ತೆ ಅಡುಗೆಮನೆಗೆ ಹೋಗಿ, "ಗೌರೀ, ಹೊರಗ ನಡಿ. ಸೊಸಿ ಕೈ ಕಡೀ ಸಲ ನೋಡ್ತೇನಿ" ಎಂದು ತಂಗಿಯನ್ನು ಕಳಿಸಿದರು. ಹಿತ್ತಲ ಬಾಗಿಲಿನಿಂದ ಮಗನನ್ನು ಒಳಗೆ ಕರೆದು ಎರಡೂ ಬಾಗಿಲು ಹಾಕಿದರು. "ಬಡಿ" ಅಂದರು.

ನಿಮ್ಮ ಅಜ್ಜ ತೋಳು ಏರಿಸಿ ಪರಾತದ ಮುಂದೆ ಕೂತರು. ಎಸರು, ಹಿಟ್ಟು, ಉಂಡೆ. ಆಮೇಲೆ ಚಪ್ ಚಪ್ ಚಪ್. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ ಕೆಂಡದ ಮುಂದೆ ನಿಲ್ಲಿಸಿದರೆ ರೊಟ್ಟಿ ಪೂರಿಯ ಹಾಗೆ ಉಬ್ಬಿತು. ಅಂಚಿನಲ್ಲಿ ಒಂದು ಬಿರುಕಿಲ್ಲ.

ಹೊರಗಿನಿಂದ ಚಿಗವ್ವ ಊಟದವರಿಗೆ ಹೇಳುವುದು ಕೇಳಿಸಿತು. "ಕೇಳ್ರಿ ಸಪ್ಪಳಾ. ನಮ್ಮಕ್ಕನ ಸೊಸಿ. ಎರಡ ದಿನದಾಗ ಕಲಿಸೀನಿ."

ಅತ್ತೆ ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ, "ಹೌದವಾ ಗೌರೀ, ಕಲ್ತಾಳ" ಅಂದರು.

ರೊಟ್ಟಿಯ ಬುಟ್ಟಿಯನ್ನು ನಾನೇ ಹೊರಗೆ ಒಯ್ದೆ. ಚಿಗವ್ವ ಒಂದು ರೊಟ್ಟಿ ಎತ್ತಿ, ಅದರ ಮೇಲಿನ ಬೆರಳ ಗುರುತು ನೋಡಿದರು, ನನ್ನ ಕೈ ನೋಡಿದರು. "ನಿನ್ನ ಬೆರಳು ಭಾಳ ಲಗೂ ಬೆಳದಾವಲ್ಲ ನೀಲವ್ವ" ಎಂದು ಬಡಿಸಲು ಹೋದರು. ಆ ಮಾತನ್ನು ಮತ್ತೆ ಅವರು ಎತ್ತಲಿಲ್ಲ.

ಅಣ್ಣಿಗೇರಿಯಲ್ಲಿ ಗಾಡಿ ನಿಂತಾಗ ಅತ್ತೆ ಒಬ್ಬರೇ ಇಳಿದರು. ಕಿಟಕಿಯ ಹತ್ತಿರ ಬಂದು ಸರಳು ಹಿಡಿದುಕೊಂಡು ನನಗೆ ಹೇಳಿದರು, "ಎಸರು ನೀ ಇಳಿಸಿಕೊಡು, ಅಂವಾ ಕೈ ಸುಟ್ಕೋತಾನ. ಮತ್ತ ರೊಟ್ಟಿ ಬಡಿಯೂಮುಂದ ಬಾಗಲಾ ಹಾಕ್ಕೋರಿ."

ನಾವು ಹಾಕಿಕೊಂಡೆವು. ಸೂಪಾದಲ್ಲಿ ಅಣೆಕಟ್ಟು ಕಟ್ಟುವ ಮೊದಲಿನಿಂದ ಹಿಡಿದು, ನಿಮ್ಮ ಅಪ್ಪನ ಲಗ್ನದ ವರ್ಷ ಅವರು ತೀರಿಕೊಳ್ಳುವ ತನಕ, ದಾಂಡೇಲಿಯ ಆ ಮನೆಯಲ್ಲಿ ದಿನವೂ ಒಂದು ತಾಸು ಬಾಗಿಲು ಹಾಕಿರುತ್ತಿತ್ತು. ಸಪ್ಪಳ ಮಾತ್ರ ಹೊರಗೆ ಹೋಗುತ್ತಿತ್ತು. ನಮ್ಮ ಓಣಿಯ ಹೆಂಗಸರು, "ನೋಡಾಕ ಗುಬ್ಬಿಯಂಗ ಅದಾಳ, ಕೈಯಾಗ ಎಷ್ಟ ಕಸುವೈತಿ" ಅನ್ನುತ್ತಿದ್ದರು. ಬೀಗರ ಮನೆಯಲ್ಲಿ ಲಗ್ನ ಮುಂಜಿಗೆ "ನೀಲವ್ವನ ರೊಟ್ಟಿ" ಬೇಕೆಂದು ಕೇಳಿ ಕಳಿಸುತ್ತಿದ್ದರು. ನಾನು ಬುಟ್ಟಿ ಹೊತ್ತುಕೊಂಡು ಹೋಗಿ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಎಷ್ಟು ನಾಚಿಕೆ ನೋಡು, ಹೊಗಳಿದರೆ ತಲೆ ಎತ್ತುವುದಿಲ್ಲ ಎಂದು ಅದಕ್ಕೂ ಹೊಗಳುತ್ತಿದ್ದರು. ಅಂಥ ಹೊತ್ತಿನಲ್ಲಿ ಗಂಡಸರ ಸಾಲಿನಲ್ಲಿ ಕೂತ ನಿಮ್ಮ ಅಜ್ಜ ತಮ್ಮ ರೊಟ್ಟಿಯನ್ನೇ ಮುರಿಯುತ್ತ, "ಸ್ವಲ್ಪ ಉಪ್ಪು ಕಡಿಮಿ ಆಗೇತಿ" ಎಂದು ನನಗೆ ಕೇಳುವ ಹಾಗೆ ಹೇಳುತ್ತಿದ್ದರು.

ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ರೊಟ್ಟಿ ನಿಂತಿತು. "ದುಃಖಕ್ಕ ಬಿಟ್ಟಾಳ, ಮತ್ತ ಪರಾತ ಮುಟ್ಟಲಿಲ್ಲ" ಎಂದು ಬಳಗದವರೆಲ್ಲ ಕಣ್ಣೀರು ಹಾಕಿದರು. ದುಃಖ ಇದ್ದದ್ದು ನಿಜ. ಆದರೆ ನನಗೆ ಬರುತ್ತಿರಲಿಲ್ಲ ಎಂಬುದೂ ನಿಜ. ಅದನ್ನು ಹೇಳಲು ಆಗಲೂ ಬಾಯಿ ಬರಲಿಲ್ಲ. ಒಬ್ಬ ಮನುಷ್ಯ ಅಷ್ಟು ವರ್ಷ ನನಗೆ ರೊಟ್ಟಿ ಬಡಿದು ಹಾಕಿದರು, ಹೆಸರು ನನ್ನದು ಮಾಡಿಕೊಟ್ಟರು, ಮತ್ತು ಅದು ಊರಿಗೆ ಇನ್ನೂ ಗೊತ್ತಿಲ್ಲ.

ಈ ಹಾಳೆಗಳನ್ನು ಒದ್ದೆಯಾಗದ ಕಡೆ ಇಡಿರಿ, ಮಕ್ಕಳೇ. ಆ ರೊಟ್ಟಿ ಅವರವು ಎಂಬುದಕ್ಕೆ ಇದನ್ನು ಬಿಟ್ಟು ಬೇರೆ ಸಾಕ್ಷಿ ಇಲ್ಲ. ನಾನು ಇರುವ ತನಕ ಬಳಗದವರಿಗೆ ತೋರಿಸಬೇಡಿರಿ, ನನಗೆ ನಾಚಿಕೆಯಾಗುತ್ತದೆ. ಆಮೇಲೆ ಎಲ್ಲರನ್ನೂ ಊಟಕ್ಕೆ ಕರೆದು, ಬಾಗಿಲು ತೆರೆದಿಟ್ಟು, ಗಟ್ಟಿಯಾಗಿ ಓದಿರಿ.